ರೇಡಿಯೊ ಶಾಲೆಯಾದಾಗ



ಶಾಲೆಗೆ ಬೀಗ ಬಿದ್ದರೆ ಪಾಠ ಎಲ್ಲಿಗೆ ಹೋಗಬೇಕು? 2020ರ ಮಾರ್ಚಿನಲ್ಲಿ ಕೊರೋನಾ ಬಂದು ನಮ್ಮೂರ ಶಾಲೆ ಮುಚ್ಚಿದಾಗ ನಾವೆಲ್ಲ ಕೇಳಿದ ಪ್ರಶ್ನೆ ಇದು. ಆದರೆ ಪ್ರಶ್ನೆ ಹಳೆಯದು. 1665ರಲ್ಲಿ ಪ್ಲೇಗಿಗೆ ಅಂಜಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯವೂ ಬಾಗಿಲು ಹಾಕಿತ್ತು. ಅಲ್ಲಿ ಓದುತ್ತಿದ್ದ ನ್ಯೂಟನ್ ತನ್ನ ಹಳ್ಳಿಗೆ ಮರಳಿ ಮನೆಯಲ್ಲೇ ಗಣಿತದ ಅಭ್ಯಾಸ ನಡೆಸಿದ. ಎಲ್ಲ ಮಕ್ಕಳೂ ನ್ಯೂಟನ್ ಆಗಲಾರರು. ಹಾಗಾದರೆ ಸಾಮಾನ್ಯ ಮಕ್ಕಳ ಗತಿ ಏನು?

ಉತ್ತರಕ್ಕಾಗಿ ಅಮೆರಿಕದ ಶಿಕಾಗೋ ನಗರಕ್ಕೆ ಹೋಗೋಣ. 1937ರಲ್ಲಿ ಅಲ್ಲಿ ಪೋಲಿಯೊ ಹಬ್ಬಿತು. ಸಾಲ್ಕ್ ಅವರ ಲಸಿಕೆ ಬಳಕೆಗೆ ಬಂದದ್ದು 1955ರಲ್ಲಿ. ಅಲ್ಲಿಯವರೆಗೆ ಮಕ್ಕಳನ್ನು ಗುಂಪು ಸೇರಿಸದೆ ಇರುವುದಷ್ಟೇ ಜನರಿಗೆ ತಿಳಿದ ದಾರಿ. ಹೀಗಾಗಿ ಸೆಪ್ಟೆಂಬರಿನಲ್ಲಿ ಶಾಲೆಗಳು ತೆರೆಯಲೇ ಇಲ್ಲ. ಆಗ ಶಿಕ್ಷಣ ಅಧಿಕಾರಿಗಳು ರೇಡಿಯೊ ಕಡೆಗೆ ನೋಡಿದರು. ಆರು ಕೇಂದ್ರಗಳು ತಮ್ಮ ಸಮಯವನ್ನು ದಾನವಾಗಿ ಕೊಟ್ಟವು. ಮೂರನೆಯ ಇಯತ್ತೆಯಿಂದ ಎಂಟನೆಯ ಇಯತ್ತೆವರೆಗಿನ ಸುಮಾರು 3,15,000 ಮಕ್ಕಳಿಗೆ ಹದಿನೈದು ಹದಿನೈದು ನಿಮಿಷಗಳ ಪಾಠ. ಯಾವ ದಿನ ಯಾವ ಪಾಠ, ಮನೆಗೆಲಸ ಏನು ಎಂಬುದೆಲ್ಲ ಬೆಳಗಿನ ವೃತ್ತಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು.

ಇನ್ನೊಂದು ಜಾಣತನವನ್ನೂ ಅವರು ಮಾಡಿದರು. ಪಾಲಕರ ಪ್ರಶ್ನೆಗೆ ಉತ್ತರಿಸಲು ಹದಿನಾರು ಶಿಕ್ಷಕರನ್ನು ಟೆಲಿಫೋನಿನ ಮುಂದೆ ಕೂರಿಸಿದರು. ಮೊದಲ ದಿನವೇ ಸಾವಿರಕ್ಕೂ ಹೆಚ್ಚು ಕರೆಗಳು ಬಂದವು! ಪಾಠ ಬಹಳ ವೇಗ, ಧ್ವನಿ ಸರಿಯಾಗಿ ಕೇಳದು ಎಂಬ ದೂರುಗಳಿದ್ದವು. ಮನೆಯಲ್ಲಿ ರೇಡಿಯೊ ಇಲ್ಲದವರಿಗಂತೂ ಪಾಠವೇ ಇಲ್ಲ. ಸುಮಾರು ಮೂರು ವಾರಗಳಲ್ಲಿ ಶಾಲೆ ತೆರೆದು ಮಕ್ಕಳು ಬೆಂಚಿಗೆ ಮರಳಿದರು.

ಈ ದಾರಿ ಮುಂದೆಯೂ ಉಪಯೋಗಕ್ಕೆ ಬಂತು. ಆಫ್ರಿಕಾದ ಸಿಯೆರಾ ಲಿಯೋನ್ ದೇಶದಲ್ಲಿ 2014ರಲ್ಲಿ ಎಬೋಲಾ ಬಂದು ಶಾಲೆಗಳು ತಿಂಗಳುಗಟ್ಟಲೆ ಮುಚ್ಚಿದಾಗ ರೇಡಿಯೊದಲ್ಲೇ ಪಾಠ ನಡೆಯಿತು. 2020ರಲ್ಲಿ ಅದೇ ಅನುಭವ ಮತ್ತೆ ಅವರ ಕೈಹಿಡಿಯಿತು.

ಆ ವರ್ಷ ಜಗತ್ತಿನ 150 ಕೋಟಿಗೂ ಮಿಕ್ಕಿದ ವಿದ್ಯಾರ್ಥಿಗಳು ಮನೆಯಲ್ಲಿ ಉಳಿದರು. ಅವರಿಗೆ ಟಿ.ವಿ., ಮೊಬೈಲು, ರೇಡಿಯೊ ಎಲ್ಲವೂ ಬಂದವು. ಕೇರಳದಲ್ಲಿ ಜೂನ್ 1ರಿಂದ ವಿಕ್ಟರ್ಸ್ ಚಾನೆಲ್‌ನಲ್ಲಿ 'ಫಸ್ಟ್ ಬೆಲ್' ಪಾಠ ಶುರುವಾಯಿತು. ಮುಂದೆ ಕನ್ನಡ ಮಾಧ್ಯಮದ ಮಕ್ಕಳಿಗೂ ಪಾಠಗಳು ಸಿದ್ಧವಾದವು. ಆದರೂ ಸುಮಾರು 46 ಕೋಟಿ ಮಕ್ಕಳಿಗೆ ದೂರದ ಪಾಠ ಮುಟ್ಟಲೇ ಇಲ್ಲವೆಂದು ಯುನಿಸೆಫ್ ಅದೇ ವರ್ಷ ಲೆಕ್ಕ ಹಾಕಿತು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು ನಾನು. ಇಷ್ಟು ದೊಡ್ಡ ಬಾಕಿ ಯಾವ ಖಾತೆಯಲ್ಲೂ ಕಂಡಿಲ್ಲ.

ನಮ್ಮ ಮನೆಯ ಮಾತನ್ನೂ ಹೇಳಿಬಿಡುತ್ತೇನೆ. ಮನೆಯಲ್ಲಿ ಇದ್ದದ್ದು ಒಂದೇ ಮೊಬೈಲು, ಅದೂ ಮಗನ ಸಂಗಡ ಹೊಲಕ್ಕೆ ಹೋಗುತ್ತಿತ್ತು. ಮೊಮ್ಮಗನನ್ನು ಟಿ.ವಿ. ಮುಂದೆ ಕೂರಿಸಿದೆ. ಪಾಠ ಮರಾಠಿಯಲ್ಲಿ; ಅವನು ಕಲಿಯುತ್ತಿದ್ದದ್ದು ಕನ್ನಡ ಶಾಲೆಯಲ್ಲಿ. ಅರ್ಧ ಪಾಠಕ್ಕೆ ನನ್ನ ಕಡೆ ತಿರುಗಿ, "ಅಜ್ಜಾ, ಈ ಬಾಯಾರಿಗೆ ಸ್ವಲ್ಪ ತಡೀರಿ ಅನ್ನಾಕ ಬರೂದಿಲ್ಲೇನು?" ಎಂದು ಕೇಳಿದ. ನನ್ನಲ್ಲಿ ಉತ್ತರವಿರಲಿಲ್ಲ. ಅಂದಿನಿಂದ ಪಾಠ ಮುಗಿದ ಮೇಲೆ ಅದನ್ನೇ ಕನ್ನಡದಲ್ಲಿ ಹೇಳಿಕೊಡಲು ಕೂತೆ. ನಾಲ್ಕು ದಿನಕ್ಕೆ ಓಣಿಯ ಇನ್ನೂ ಮೂವರು ಹುಡುಗರು ಕಟ್ಟೆಯ ಮೇಲೆ ದೂರ ದೂರ ಕುಳಿತರು.

ಶಿಕಾಗೋದ ಆ ಸಾವಿರ ಕರೆಗಳ ಅರ್ಥ ನನಗೆ ಆಗ ಹೊಳೆಯಿತು. ಪಾಠವನ್ನು ಗಾಳಿಯಲ್ಲಿ ಕಳಿಸಬಹುದು. ಆದರೆ "ತಿಳೀಲಿಲ್ಲ, ಇನ್ನೊಮ್ಮೆ ಹೇಳ್ರಿ" ಎನ್ನಲು ಮಗುವಿನ ಎದುರಿಗೆ, ಮಗುವಿನ ಮಾತು ಬಲ್ಲ ಒಬ್ಬರು ಬೇಕೇ ಬೇಕು. ಮತ್ತೊಮ್ಮೆ ಶಾಲೆಗೆ ಬೀಗ ಬೀಳದಿರಲಿ. ಬಿದ್ದರೆ, ಅಕ್ಷರ ಬಲ್ಲ ನಾವು ನೀವು ಕಟ್ಟೆಯ ಮೇಲೆ ಕೂರೋಣ.