ಮಣ್ಣು ಹಿಡಿದಿಟ್ಟ ರಂಜಕ

ಪುಣೆಯಲ್ಲಿ ನೆಲೆಸಿದ ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಇನ್ನೂ ನಾಲ್ಕಾರು ಎಕರೆ ಹೊಲವಿದೆ. ಮುಂಗಾರಿನ ಹೊತ್ತಿಗೆ ತಮ್ಮನ ಫೋನು ಬರುತ್ತದೆ: "ಅಣ್ಣಾ, ಡಿ.ಎ.ಪಿ.ಗೆ ರೊಕ್ಕ ಕಳಸು." ಕಳಿಸುತ್ತೇವೆ. ಆದರೆ ಆ ಗೊಬ್ಬರದ ರಂಜಕದಲ್ಲಿ ಆ ವರ್ಷದ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಕಾಲು ಭಾಗಕ್ಕಿಂತ ಕಡಿಮೆ. ಉಳಿದುದನ್ನು ಕೋಲಾರದ ಕೆಂಪು ಮಣ್ಣಿನಲ್ಲಿ ಕಬ್ಬಿಣ, ಅಲ್ಯುಮಿನಿಯಂಗಳೂ ವಿಜಯಪುರದ ಎರೆ ಮಣ್ಣಿನಲ್ಲಿ ಸುಣ್ಣವೂ ಹಿಡಿದಿಟ್ಟುಕೊಳ್ಳುತ್ತವೆ. ಮಂಜೂರಾಗಿಯೂ ಸಹಿಯಾಗದೆ ಕುಳಿತ ಬಿಲ್ಲಿನಂತೆ! ನಮ್ಮಂಥ ಕಚೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಗಂಟು ಬಿಚ್ಚುವ ಯತ್ನ ಹಳೆಯದು. 1842ರಲ್ಲಿ ಇಂಗ್ಲೆಂಡಿನ ಲಾಸ್ ಅವರು ಗಂಧಕಾಮ್ಲದಿಂದ ಸೂಪರ್ ಫಾಸ್ಫೇಟ್ ತಯಾರಿಸುವ ಪೇಟೆಂಟ್ ಪಡೆದರು. ಮುಂದೆ ರಷ್ಯನ್ನರು ಆ ಕೆಲಸವನ್ನು ಬ್ಯಾಕ್ಟೀರಿಯಾಗಳಿಗೆ ವಹಿಸಿ, 'ಫಾಸ್ಫೊಬ್ಯಾಕ್ಟೆರಿನ್' ಎಂದು ಹೊಲಗಳಿಗೆ ಹಾಕಿದರು. ಬೇರೆ ದೇಶಗಳಲ್ಲಿ ಪರೀಕ್ಷಿಸಿದಾಗ ಫಲ ಒಮ್ಮೆ ಕಂಡಿತು, ಒಮ್ಮೆ ಕಾಣಲಿಲ್ಲ.

ಇನ್ನೊಂದು ದಾರಿ ಬೇರಿನ ಶಿಲೀಂಧ್ರದ್ದು. ಬೇರು ಮತ್ತು ಶಿಲೀಂಧ್ರಗಳ ಕೂಟಕ್ಕೆ 1885ರಲ್ಲಿ ಜರ್ಮನಿಯ ಫ್ರಾಂಕ್ 'ಮೈಕೊರೈಜಾ' ಎಂದು ಹೆಸರಿಟ್ಟರು. ನಮ್ಮ ಬೆಳೆಗಳಲ್ಲಿ ಈ ಶಿಲೀಂಧ್ರ ಬೇರಿನೊಳಗೇ ಮನೆ ಮಾಡುತ್ತದೆ. ಕೂದಲಿಗಿಂತ ತೆಳುವಾದ ಎಳೆಗಳನ್ನು ಬೇರಿಗೆ ಎಟುಕದ ಮಣ್ಣಿಗೆ ಚಾಚಿ ರಂಜಕ ತಂದುಕೊಡುತ್ತದೆ. ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತದೆ. ತೊಡಕು ಒಂದೇ: ಜೀವಂತ ಬೇರಿಲ್ಲದೆ ಅದು ಬೆಳೆಯದು. ಹೀಗಿರುವಾಗ ಎಕರೆಗಟ್ಟಲೆ ಹೊಲಕ್ಕೆ ಅದನ್ನು ಎಲ್ಲಿಂದ ತರುವುದು?

ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ಡಿ. ಜೆ. ಭಾಗ್ಯರಾಜ್ ಮತ್ತು ಶ್ರೀರಾಮುಲು ಅವರು ಹೊಲದ ಬದಲು ಸಸಿಮಡಿಯನ್ನು ಹಿಡಿದರು. ಮೆಣಸಿನಕಾಯಿಯ ಮಡಿ ಎಷ್ಟು ದೊಡ್ಡದಿದ್ದೀತು? ಅಲ್ಲಿಗೆ ಸ್ವಲ್ಪ ಶಿಲೀಂಧ್ರ ಸಾಕು. ನಾಟಿಯಾಗುವಾಗ ಸಸಿಯೇ ಅದನ್ನು ಬೇರಿನಲ್ಲಿಟ್ಟುಕೊಂಡು ಹೊಲಕ್ಕೆ ಹೋಗುತ್ತದೆ. ಇಂಥ ಸಸಿಗಳು ಚೆನ್ನಾಗಿ ಬೆಳೆದು ಇಳುವರಿ ಹೆಚ್ಚಿತೆಂದೂ ರಂಜಕದ ಗೊಬ್ಬರ ಉಳಿಯಿತೆಂದೂ 1982ರಲ್ಲಿ ಅವರು ಪ್ರಕಟಿಸಿದರು. ಜಿಗುಟಾದ ಕಪ್ಪು ಮಣ್ಣಿನ ಪ್ರಯೋಗದ ವರದಿ 1986ರಲ್ಲಿ ಬಂತು. ಎಷ್ಟು ಸರಳವಾದ ಉಪಾಯ ಎನಿಸುತ್ತದೆ.

ಜೋಳ, ತೊಗರಿಗಳಿಗೆ ಸಸಿಮಡಿ ಇಲ್ಲ. ಅವುಗಳ ಬೀಜಕ್ಕೆ ಬ್ಯಾಕ್ಟೀರಿಯಾದ ಪೊಟ್ಟಣವನ್ನೇ ಲೇಪಿಸಬೇಕು. 2006ರಲ್ಲಿ ಕೇಂದ್ರ ಸರ್ಕಾರ ಇದನ್ನು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದು, ಪೊಟ್ಟಣದಲ್ಲಿರಬೇಕಾದ ಜೀವಾಣುಗಳ ಸಂಖ್ಯೆಯನ್ನು ಗೊತ್ತುಮಾಡಿತು. ಆದರೆ ಜೀವಾಣು ಬಿಸಿಲು ತಾಳದು. ಬಿ.ಎಸ್ಸಿ. ಓದಿದ ನಾನೇ ಒಮ್ಮೆ ಪುಣೆಯಿಂದ ಒಯ್ದ ಪೊಟ್ಟಣವನ್ನು ಮೇ ತಿಂಗಳ ಬಸ್ಸಿನಲ್ಲಿ ಇಡೀ ಹಗಲು ಕಾಯಿಸಿದೆ. ತಮ್ಮನ ತೊಗರಿಗೆ ಅದರಿಂದ ಏನೂ ಆಗಲಿಲ್ಲ, ಅವನು ನಕ್ಕ.

ಈ ಸಲ ಅವನ ಮೆಣಸಿನ ಮಡಿಗೆ ಶಿಲೀಂಧ್ರ ಹಾಕಿಸಿದ್ದೇನೆ. ಡಿ.ಎ.ಪಿ.ಗೆ ಅರ್ಧ ರೊಕ್ಕವನ್ನಷ್ಟೇ ಕಳಿಸಿದ್ದೇನೆ.