ಹಸಿರು ಹಾಸಿನ ಹಕ್ಕು

ಚರಿತ್ರೆಯನ್ನು ನಾವು ಯುದ್ಧಗಳಲ್ಲಿ, ಪಟ್ಟಾಭಿಷೇಕಗಳಲ್ಲಿ ಹುಡುಕುತ್ತೇವೆ. ಆಟದ ಬಯಲಿನಲ್ಲಿ ಹುಡುಕುವುದು ಕಡಿಮೆ. ಇಂಗ್ಲೆಂಡಿನ ಹಳ್ಳಿಗಳ ಬೌಲ್ಸ್ ಕ್ಲಬ್ಬುಗಳನ್ನೇ ನೋಡಿ. ನುಣುಪಾದ ಹುಲ್ಲಿನ ಮೇಲೆ, ‘ಜ್ಯಾಕ್’ ಎಂಬ ಪುಟ್ಟ ಚೆಂಡಿನ ಸಮೀಪಕ್ಕೆ ತಮ್ಮ ಚೆಂಡುಗಳನ್ನು ಉರುಳಿಸುವ ಸೌಮ್ಯವಾದ ಆಟ ಅದು. ಆದರೆ ಎಂಟನೆಯ ಹೆನ್ರಿಯ 1541ರ ಶಾಸನವು ಇದನ್ನು ಬೇಸಾಯಗಾರರಿಗೂ ಕೂಲಿಗಳಿಗೂ ಕುಶಲಕರ್ಮಿಗಳಿಗೂ ನಿಷೇಧಿಸಿತು. ಜನ ಬಿಲ್ಲುವಿದ್ಯೆಯನ್ನು ಮರೆತಾರೆಂಬುದು ಪ್ರಭುತ್ವದ ಭೀತಿ. ಕ್ರಿಸ್‌ಮಸ್ಸಿನಲ್ಲಿ ಮಾತ್ರ, ಅದೂ ಯಜಮಾನನ ಕಣ್ಣೆದುರಿನಲ್ಲಿ, ಅವರು ಆಡಬಹುದಿತ್ತು. ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಭೂಮಿಯುಳ್ಳವರಿಗಾದರೋ ಸ್ವಂತ ಅಂಗಳದ ಆಟಕ್ಕೆ ಪರವಾನಗಿ ದೊರೆಯುತ್ತಿತ್ತು. ಈ ನಿರ್ಬಂಧ ರದ್ದಾದದ್ದು 1845ರಲ್ಲಿ.

ಅಷ್ಟರಲ್ಲಿ ಯಂತ್ರವೂ ನೆರವಿಗೆ ಬಂದಿತ್ತು. 1830ರಲ್ಲಿ ಗ್ಲಾಸ್ಟರ್‌ಷೈರಿನ ಥ್ರಪ್ ಎಂಬಲ್ಲಿ ಎಡ್ವಿನ್ ಬಡ್ಡಿಂಗ್, ಗಿರಣಿಯಲ್ಲಿ ಬಟ್ಟೆಯ ಜುಂಗನ್ನು ಕತ್ತರಿಸುವ ಯಂತ್ರದ ಮಾದರಿಯಲ್ಲಿ ಹುಲ್ಲು ಕತ್ತರಿಸುವ ಯಂತ್ರವನ್ನು ರಚಿಸಿದ. ಸಾಮಾನ್ಯರೂ ಹಾಸನ್ನು ಕಾಪಾಡಿಕೊಳ್ಳುವುದು ಸುಲಭವಾಯಿತು. 1849ರಲ್ಲಿ ಗ್ಲಾಸ್ಗೋದ ವಿಲಿಯಂ ಮಿಚೆಲ್ ನಿಯಮಗಳನ್ನು ಕ್ರೋಡೀಕರಿಸಿದ. 1903ರಲ್ಲಿ ಇಂಗ್ಲೆಂಡಿನ ಸಂಘ ಸ್ಥಾಪನೆಯಾದಾಗ ಅದರ ಪ್ರಥಮಾಧ್ಯಕ್ಷನಾದವನು ಕ್ರಿಕೆಟ್ಟಿನ ಡಬ್ಲ್ಯೂ. ಜಿ. ಗ್ರೇಸ್.

ದುಡಿಯುವವನಿಗೆ ಬಿಡುವೂ ಒಂದು ಹಕ್ಕು. ಯಾವ ಘೋಷಣೆಯೂ ಇಲ್ಲದೆ ಹಳ್ಳಿಯ ಈ ಕ್ಲಬ್ಬುಗಳು ಅದನ್ನೇ ಸಾರುತ್ತಿವೆಯೆಂದು ನನಗೆ ತೋರುತ್ತದೆ.