ಹೆಸರು ಹೊಡೆದುಹಾಕುವ ಅಧಿಕಾರ

ಹಾಜರಿ ಪುಸ್ತಕದಿಂದ ಹುಡುಗನೊಬ್ಬನ ಹೆಸರನ್ನು ತೆಗೆಯಲು ಒಂದು ಗೆರೆ ಸಾಕು. ಆ ಗೆರೆ ಎಳೆಯುವ ಕೈ ಯಾರದೆಂಬುದು ಹಳೆಯ ಪ್ರಶ್ನೆ.

ರೋಣ, ನರಗುಂದ, ಗಜೇಂದ್ರಗಡಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದ ಕಾಲವದು. 1907ರ ಮೇ ತಿಂಗಳಲ್ಲಿ ಭಾರತ ಸರಕಾರದ ಕಾರ್ಯದರ್ಶಿ ಹರ್ಬರ್ಟ್ ರಿಸ್ಲೇ ಒಂದು ಸುತ್ತೋಲೆ ಹೊರಡಿಸಿದ. ವಿದ್ಯಾರ್ಥಿಗಳು ರಾಜಕೀಯ ಸಭೆಗಳಿಗೆ ಹೋಗುವುದನ್ನು ತಡೆಯದ ಹೈಸ್ಕೂಲಿಗೆ ಅನುದಾನ ನಿಲ್ಲಬಹುದು. ಅಲ್ಲಿಯ ಹುಡುಗರಿಗೆ ವಿದ್ಯಾರ್ಥಿವೇತನ ತಪ್ಪಬಹುದು. ವಿಶ್ವವಿದ್ಯಾಲಯದ ಮಾನ್ಯತೆಯೂ ಹೋಗಬಹುದು ಎಂಬುದು ಅದರ ತಿರುಳು. ಇದರ ಜಾಣತನವನ್ನು ನೋಡಬೇಕು. ಸರಕಾರ ತಾನಾಗಿ ಯಾರನ್ನೂ ಹೊರದೂಡಬೇಕಿರಲಿಲ್ಲ; ಅನುದಾನದ ಅಂಜಿಕೆಯಿಂದ ಮುಖ್ಯಾಧ್ಯಾಪಕನೇ ಆ ಕೆಲಸ ಮಾಡಬೇಕಾಗುತ್ತಿತ್ತು. ಶಿಸ್ತು ಎಂಬ ಒಳ್ಳೆಯ ಮಾತಿಗೆ ಅಂದು ಹತ್ತಿದ ಮಸಿ ಸ್ವಾತಂತ್ರ್ಯಾನಂತರವೂ ಪೂರ್ತಿ ತೊಳೆದುಹೋಗಲಿಲ್ಲವೆಂದೇ ನನ್ನ ಎಣಿಕೆ. ಕೇರಳದಲ್ಲಿ ರಾಷ್ಟ್ರಗೀತೆಗೆ ಎದ್ದುನಿಂತರೂ, ತಮ್ಮ ಮತಶ್ರದ್ಧೆಯ ಕಾರಣ ಅದನ್ನು ಹಾಡದ ಮೂವರು ಮಕ್ಕಳನ್ನು 1985ರಲ್ಲಿ ಶಾಲೆಯಿಂದ ಹೊರಹಾಕಿದರು. ಅವರನ್ನು ಮರಳಿ ಸೇರಿಸಿಕೊಳ್ಳಿರೆಂದು ಹೇಳಲು 1986ರಲ್ಲಿ ಸರ್ವೋಚ್ಚ ನ್ಯಾಯಾಲಯವೇ ಬೇಕಾಯಿತು.

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 16ನೆಯ ಕಲಮು ಗೆರೆ ಎಳೆಯುವ ಕೈಯನ್ನು ಹಿಡಿಯಿತು: ಪ್ರಾಥಮಿಕ ಶಿಕ್ಷಣ ಮುಗಿಯುವವರೆಗೆ ಯಾವ ಮಗುವನ್ನೂ ಹೊರಹಾಕುವಂತಿಲ್ಲ. 2019ರ ತಿದ್ದುಪಡಿ ಐದನೆಯ ಮತ್ತು ಎಂಟನೆಯ ಇಯತ್ತೆಗಳಲ್ಲಿ ಅನುತ್ತೀರ್ಣಗೊಳಿಸಲು ಎಡೆಗೊಟ್ಟಿತು, ಹೊರಹಾಕಲು ಕೊಡಲಿಲ್ಲ. ಆದರೆ ಈ ರಕ್ಷಣೆ ಎಂಟನೆಯ ಇಯತ್ತೆಗೆ ಮುಗಿಯುತ್ತದೆ. ಹಳ್ಳಿಯಿಂದ ಬಸ್ಸು ಹಿಡಿದು ಗಜೇಂದ್ರಗಡದ ಹೈಸ್ಕೂಲಿಗೆ ಬರುವ ಒಂಬತ್ತನೆಯ ಇಯತ್ತೆಯ ಹುಡುಗಿ ಅದರ ಆಚೆಗಿದ್ದಾಳೆ. "ಹದಿನೈದು ದಿನ ಬರಬೇಡ" ಎನ್ನುವ ಅಮಾನತಿನ ಮಾತನ್ನಂತೂ ಆ ಕಲಮು ಎತ್ತುವುದೇ ಇಲ್ಲ.